ಎಲೆಕ್ಟ್ರಿಕ್, ಸಿಎನ್‌ಜಿ, ಎಥನಾಲ್, ಹೊಂಗೆ ಡೀಸೆಲ್: ಕರ್ನಾಟಕದ ಯಾವ ಊರಿನವರಿಗೆ ಯಾವುದು ಹೊಂದುತ್ತದೆ?

ಹೊಸ ಗಾಡಿ ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಬೆಲೆಯನ್ನು, ಆಮೇಲೆ ಮೈಲೇಜನ್ನು. ಪೆಟ್ರೋಲ್ ಒಂದೇ ಇದ್ದ ಕಾಲಕ್ಕೆ ಅಷ್ಟು ಸಾಕಾಗಿತ್ತು. ಈಗ ಒಂದೇ ಬೀದಿಯಲ್ಲಿ ಹಸಿರು ಫಲಕದ ಎಲೆಕ್ಟ್ರಿಕ್ ಸ್ಕೂಟರ್, ಸಿಎನ್‌ಜಿ ಆಟೋ, ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಕುಡಿಯುವ ಬೈಕು ಮೂರೂ ಓಡಾಡುತ್ತಿರುವಾಗ ಬೆಲೆ ಮತ್ತು ಮೈಲೇಜಿಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೊಂದಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ: ನಿಮ್ಮ ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ? ಆ ಜಾಗದಲ್ಲಿ ನಿಮ್ಮದೇ ಮೀಟರಿನಿಂದ ಬಂದ ಪ್ಲಗ್ ಇದೆಯೇ, ಇಲ್ಲವೇ? ಈ ಪ್ರಶ್ನೆಗೆ ಸಿಗುವ ಉತ್ತರವೇ ಮುಂದಿನ ಅರ್ಧ ಲೆಕ್ಕವನ್ನು ತೀರ್ಮಾನಿಸುತ್ತದೆ. ಉಳಿದರ್ಧವನ್ನು ತೀರ್ಮಾನಿಸುವುದು ನಿಮ್ಮ ಊರು, ಏಕೆಂದರೆ ಪರ್ಯಾಯ ಇಂಧನಗಳಿಗಾಗಿ ನಮ್ಮ ರಾಜ್ಯದಲ್ಲಿ ನಡೆದಿರುವ ಕೆಲಸ ಎಲ್ಲ ಜಿಲ್ಲೆಗಳಿಗೂ ಒಂದೇ ಸಮನಾಗಿ ತಲುಪಿಲ್ಲ.

ಕೆಲಸ ನಡೆದಿಲ್ಲವೆಂದಲ್ಲ. ಬೆಂಗಳೂರಿನಲ್ಲಿ ಚೇತನ್ ಮೈನಿಯವರ ರೇವಾ ಕಾರು ರಸ್ತೆಗಿಳಿದದ್ದು 2001ರಲ್ಲಿ. ಸೀಸ-ಆಮ್ಲದ ಬ್ಯಾಟರಿಯ, ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್ ಓಡುವ ಆ ಪುಟ್ಟ ಕಾರನ್ನು ಜನ ನಿಂತು ನೋಡುತ್ತಿದ್ದ ದಿನಗಳು ನನಗಿನ್ನೂ ನೆನಪಿವೆ. 2017ರಲ್ಲಿ ಎಲೆಕ್ಟ್ರಿಕ್ ವಾಹನಗಳಿಗೆಂದೇ ಪ್ರತ್ಯೇಕ ನೀತಿಯನ್ನು ರೂಪಿಸಿದ ದೇಶದ ಮೊದಲ ರಾಜ್ಯ ಕರ್ನಾಟಕ. ಚಾರ್ಜಿಂಗ್ ಕೇಂದ್ರಗಳ ಹೊಣೆಯನ್ನು ಬೆಸ್ಕಾಂಗೆ ವಹಿಸಲಾಯಿತು. ಅದಕ್ಕೂ ಮೊದಲು, 2009ರಲ್ಲಿಯೇ, ಜೈವಿಕ ಇಂಧನ ನೀತಿ ಬಂದಿತ್ತು. 2013ರಲ್ಲಿ ದಾಭೋಲ್–ಬೆಂಗಳೂರು ಅನಿಲ ಕೊಳವೆ ಮಾರ್ಗ ಕಾರ್ಯಾರಂಭ ಮಾಡಿತು. 2021ರ ಜನವರಿಯಲ್ಲಿ 450 ಕಿಲೋಮೀಟರ್ ಉದ್ದದ ಕೊಚ್ಚಿ–ಮಂಗಳೂರು ಮಾರ್ಗ ಉದ್ಘಾಟನೆಯಾಯಿತು. ಆದರೆ ಫಲ ಹಂಚಿಕೆಯಾದ ರೀತಿಯನ್ನು ನೋಡಿ: 2024ರ ಹೊತ್ತಿಗೆ ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿದ್ದರೂ, ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಇದ್ದವು. ಆದ್ದರಿಂದ ಬೆಂಗಳೂರಿನ ಸ್ನೇಹಿತರ ಸಲಹೆಯನ್ನು ಬೀದರಿನಲ್ಲಿಯೋ ಚಾಮರಾಜನಗರದಲ್ಲಿಯೋ ಕುಳಿತು ಹಾಗೆಯೇ ಒಪ್ಪಿಕೊಳ್ಳುವುದು ಸರಿಯಲ್ಲ.

ದ್ವಿಚಕ್ರ ವಾಹನ: ಲೆಕ್ಕ ಸ್ಪಷ್ಟವಾಗಿರುವ ಜಾಗ

ದಿನಕ್ಕೆ 30 ಕಿಲೋಮೀಟರ್, ತಿಂಗಳಿಗೆ 26 ದಿನ ಓಡಾಡುವ ಒಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಟ್ಟು 780 ಕಿಲೋಮೀಟರ್ ಆಯಿತು. ಲೀಟರಿಗೆ 45 ಕಿಲೋಮೀಟರ್ ಕೊಡುವ ಪೆಟ್ರೋಲ್ ಸ್ಕೂಟರಿಗೆ, ಲೀಟರಿನ ಬೆಲೆ 100 ರೂಪಾಯಿ ಎಂದಿಟ್ಟುಕೊಂಡರೂ, ತಿಂಗಳಿಗೆ ಸುಮಾರು 1,730 ರೂಪಾಯಿ ಬೇಕು. ಎಲೆಕ್ಟ್ರಿಕ್ ಸ್ಕೂಟರು, ಚಾರ್ಜರಿನಲ್ಲಿ ಆಗುವ ನಷ್ಟವನ್ನೂ ಸೇರಿಸಿ, ಗೋಡೆಯ ಪ್ಲಗ್‌ನಿಂದ 100 ಕಿಲೋಮೀಟರಿಗೆ ಮೂರೂವರೆ ಯೂನಿಟ್ ಎಳೆಯುತ್ತದೆ ಎಂದುಕೊಂಡರೆ ತಿಂಗಳಿಗೆ 27 ಯೂನಿಟ್. ಯೂನಿಟ್‌ಗೆ 7 ರೂಪಾಯಿಯಂತೆ 190 ರೂಪಾಯಿ. ವರ್ಷಕ್ಕೆ ಉಳಿಯುವುದು 18,000 ರೂಪಾಯಿಗೂ ಹೆಚ್ಚು. ಗಾಡಿಯ ಬೆಲೆಯಲ್ಲಿರುವ ಅಂತರ ಎರಡು ಮೂರು ವರ್ಷಗಳಲ್ಲಿ ತೀರಿಹೋಗುತ್ತದೆ. ಮನೆಯಲ್ಲಿ ಪ್ಲಗ್ ಇರುವವರಿಗೆ, ದಿನಕ್ಕೆ 20 ಕಿಲೋಮೀಟರಿಗಿಂತ ಹೆಚ್ಚು ಓಡಾಡುವವರಿಗೆ, ನಾನು ಎರಡು ಬಾರಿ ಯೋಚಿಸದೆ ಎಲೆಕ್ಟ್ರಿಕ್ ಸ್ಕೂಟರನ್ನೇ ಸೂಚಿಸುತ್ತೇನೆ.

ಇಲ್ಲಿ ಗೃಹಜ್ಯೋತಿಯ ವಿಷಯವನ್ನು ಹೇಳಲೇಬೇಕು, ಏಕೆಂದರೆ ಶೋರೂಮಿನಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ಆ ಯೋಜನೆಯಲ್ಲಿ ಉಚಿತವಾಗಿ ಸಿಗುವುದು ಎಲ್ಲರಿಗೂ 200 ಯೂನಿಟ್ ಅಲ್ಲ. ಸಾಮಾನ್ಯವಾಗಿ 2022-23ರಲ್ಲಿ ನಿಮ್ಮ ಮನೆಯ ಸರಾಸರಿ ಬಳಕೆ ಎಷ್ಟಿತ್ತೋ ಅದರ ಮೇಲೆ ಶೇಕಡಾ 10 ಸೇರಿಸಿ ನಿಮ್ಮ ಮಿತಿಯನ್ನು ಗೊತ್ತುಪಡಿಸಲಾಗಿದೆ. ಸ್ಕೂಟರಿನ 27 ಯೂನಿಟ್ ಸೇರಿದಾಗ ಆ ಮಿತಿ ದಾಟುವುದು ಬಹುತೇಕ ಖಚಿತ, ದಾಟಿದಷ್ಟಕ್ಕೆ ಹಣ ಕಟ್ಟಬೇಕು. ಅದು ದೊಡ್ಡ ಹೊರೆಯೇನಲ್ಲ. ಆದರೆ ಈಗಾಗಲೇ 180 ಯೂನಿಟ್ ಬಳಸುತ್ತಿರುವ ಮನೆಯಲ್ಲಿ ಒಟ್ಟು ಬಳಕೆ 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ನೀವೇ ಕಟ್ಟಬೇಕಾಗುತ್ತದೆ, ಮತ್ತು ಆಗ ಸ್ಕೂಟರಿನ ಉಳಿತಾಯದ ಬಹುಭಾಗವನ್ನು ಆ ಬಿಲ್ಲೇ ನುಂಗಿಹಾಕುತ್ತದೆ. ಕೊಳ್ಳುವ ಮೊದಲು ಹಿಂದಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡು ಕೂಡಿ ನೋಡಿ. ಬೇಸಿಗೆಯ ತಿಂಗಳುಗಳನ್ನು ವಿಶೇಷವಾಗಿ ಗಮನಿಸಿ.

ಪ್ಲಗ್ ಇದೆ ಎಂದರೆ ಸಾಲದು, ಎಂಥ ಪ್ಲಗ್ ಎಂಬುದೂ ಮುಖ್ಯ. ನಮ್ಮ ಹಳೆಯ ಮನೆಯ ಜಗಲಿಯಲ್ಲಿದ್ದ 6 ಆಂಪಿಯರ್ ಸಾಕೆಟ್‌ಗೆ ಪರಿವರ್ತಕವೊಂದನ್ನು ಸಿಕ್ಕಿಸಿ ನಾನು ಮೂರು ವಾರ ಸ್ಕೂಟರನ್ನು ಚಾರ್ಜ್ ಮಾಡಿದ್ದೆ. ಒಂದು ಬೆಳಿಗ್ಗೆ ಪ್ಲಗ್ ಕೀಳುವಾಗ ಕೈಗೆ ಬಿಸಿ ತಗುಲಿತು. ನೋಡಿದರೆ ಪಿನ್ನಿನ ಸುತ್ತಲಿನ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಒಂದು ಕಡೆ ಕರಗಿ ಗುಳಿ ಬಿದ್ದಿತ್ತು. ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬಿಚ್ಚಿದಾಗ ಅರ್ಥ್ ತಂತಿಯನ್ನು ಎಲ್ಲಿಗೂ ಜೋಡಿಸಿರಲೇ ಇಲ್ಲ ಎಂಬುದು ತಿಳಿಯಿತು. ಮೀಟರ್ ಬೋರ್ಡಿನಿಂದ ನೇರವಾಗಿ ಬಂದ ಪ್ರತ್ಯೇಕ ತಂತಿ, 16 ಆಂಪಿಯರ್ ಸಾಕೆಟ್, ಮಿತಿ ಮೀರಿದರೆ ತಾನೇ ಕರೆಂಟು ಕಡಿಯುವ ಒಂದು ಎಂಸಿಬಿ ಸ್ವಿಚ್ಚು, ಸರಿಯಾದ ಅರ್ಥಿಂಗ್: ಇಷ್ಟಕ್ಕೆ ತಗಲುವ ಕೆಲವು ಸಾವಿರ ರೂಪಾಯಿಗಳನ್ನು ಗಾಡಿಯ ಬೆಲೆಯ ಭಾಗವೆಂದೇ ಎಣಿಸಿರಿ. ಎಕ್ಸ್‌ಟೆನ್ಷನ್ ಬಾಕ್ಸ್‌ನಿಂದ ಚಾರ್ಜ್ ಮಾಡುವುದನ್ನು ದಯವಿಟ್ಟು ಯಾರೂ ಮಾಡಬೇಡಿ.

2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ ಬ್ಯಾಟರಿಗಳ ಸುರಕ್ಷತಾ ಮಾನದಂಡವಾದ ಎಐಎಸ್ 156ನ್ನು ಬಿಗಿಗೊಳಿಸಲಾಯಿತು. ಅದರ ಎರಡನೆಯ ಹಂತ 2023ರ ಮಾರ್ಚ್ ಕೊನೆಯಿಂದ ಜಾರಿಗೆ ಬಂದಿದೆ. ಹಳೆಯ ಗಾಡಿಯನ್ನು ಕೈ ಬದಲಾಗಿ ಕೊಳ್ಳುವವರು ತಯಾರಿಕೆಯ ತಿಂಗಳನ್ನು ನೋಡಬೇಕಾದದ್ದು ಇದೇ ಕಾರಣಕ್ಕೆ. ರಾಯಚೂರು, ಕಲಬುರಗಿ, ಬಳ್ಳಾರಿಯ ಬಿಸಿಲಿನಲ್ಲಿ ಗಾಡಿ ಇಡುವವರು ಬ್ಯಾಟರಿಯ ರಸಾಯನವನ್ನೂ ವಿಚಾರಿಸಬೇಕು: ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು ತುಸು ಭಾರವಾದರೂ ಶಾಖವನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ, ಹೆಚ್ಚು ಸಲ ಚಾರ್ಜ್ ಮಾಡಿದರೂ ಬಾಳುತ್ತವೆ. ಬಿಸಿಲಲ್ಲಿ ಓಡಿಸಿ ತಂದ ತಕ್ಷಣ ಚಾರ್ಜಿಗೆ ಹಾಕದೆ ಒಂದರ್ಧ ಗಂಟೆ ತಣಿಯಲು ಬಿಡುವ ಅಭ್ಯಾಸ ಎಲ್ಲ ಊರಿನಲ್ಲೂ ಒಳ್ಳೆಯದು.

ಕೇಂದ್ರದ ಸಹಾಯಧನವನ್ನು ನಂಬಿ ತೀರ್ಮಾನಕ್ಕೆ ಬರುವ ಕಾಲ ಮುಗಿಯಿತು. 2015ರಲ್ಲಿ ಆರಂಭವಾದ ಫೇಮ್ ಯೋಜನೆಯ ಎರಡನೆಯ ಹಂತ 2024ರ ಮಾರ್ಚ್‌ಗೆ ಕೊನೆಗೊಂಡಿತು. ಅದೇ ವರ್ಷದ ಅಕ್ಟೋಬರಿನಿಂದ ಬಂದ ಪಿಎಂ ಇ-ಡ್ರೈವ್‌ನಲ್ಲಿ ಸ್ಕೂಟರೊಂದಕ್ಕೆ ಮೊದಲ ವರ್ಷ ಗರಿಷ್ಠ 10,000 ರೂಪಾಯಿ, ಆಮೇಲೆ 5,000 ರೂಪಾಯಿ ಎಂದು ಇಳಿಸಲಾಯಿತು. ಸಹಾಯಧನವಿಲ್ಲದೆಯೂ ಲೆಕ್ಕ ಸರಿಹೋದರೆ ಮಾತ್ರ ಕೊಳ್ಳಿ. ಮೇಲಿನ ಲೆಕ್ಕದಲ್ಲಿ ನಾನು ಅದನ್ನು ಸೇರಿಸಿಯೇ ಇಲ್ಲ.

ಕಾರು: ಇಲ್ಲಿ ಪ್ಲಗ್ ಇಲ್ಲದವರಿಗೆ ಉತ್ತರವೇ ಬೇರೆ

ಕಾರಿನ ವಿಷಯದಲ್ಲಿ ಒಂದು ಕಿಲೋಮೀಟರಿಗೆ ತಗಲುವ ಖರ್ಚನ್ನು ಮೊದಲು ನೋಡೋಣ. ಊರೊಳಗೆ ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿಗೆ 6 ರೂಪಾಯಿ 70 ಪೈಸೆ. ಕಿಲೋಗೆ 90 ರೂಪಾಯಿಯ ಸಿಎನ್‌ಜಿಯಲ್ಲಿ 24 ಕಿಲೋಮೀಟರ್ ಓಡುವ ಕಾರಿಗೆ 3 ರೂಪಾಯಿ 75 ಪೈಸೆ. ಮನೆಯಲ್ಲಿ ಚಾರ್ಜ್ ಮಾಡಿದ ಎಲೆಕ್ಟ್ರಿಕ್ ಕಾರಿಗೆ, ನೂರು ಕಿಲೋಮೀಟರಿಗೆ 15 ಯೂನಿಟ್‌ನಂತೆ, 1 ರೂಪಾಯಿ 5 ಪೈಸೆ. ಇಷ್ಟನ್ನೇ ಎಲ್ಲ ಜಾಹೀರಾತುಗಳೂ ತೋರಿಸುತ್ತವೆ. ಆದರೆ ಅದೇ ಕಾರನ್ನು ಯೂನಿಟ್‌ಗೆ 20 ರೂಪಾಯಿ ಆಸುಪಾಸಿನ ಖಾಸಗಿ ವೇಗದ ಚಾರ್ಜರಿನಲ್ಲಿಯೇ ದಿನವೂ ತುಂಬಿಸುವುದಾದರೆ ಕಿಲೋಮೀಟರಿಗೆ 3 ರೂಪಾಯಿ ಆಗುತ್ತದೆ. ಸಿಎನ್‌ಜಿಗೂ ಅದಕ್ಕೂ ಇರುವ ಅಂತರ 75 ಪೈಸೆಗೆ ಇಳಿಯುತ್ತದೆ. ಎಲೆಕ್ಟ್ರಿಕ್ ಕಾರಿಗೆ 3 ಲಕ್ಷ ರೂಪಾಯಿ ಹೆಚ್ಚು ಕೊಟ್ಟವರು, ಪೆಟ್ರೋಲಿಗೆ ಹೋಲಿಸಿದಾಗ, ಮನೆಯ ಚಾರ್ಜಿನಲ್ಲಿ ಸುಮಾರು 53,000 ಕಿಲೋಮೀಟರಿಗೆ ಆ ಹಣವನ್ನು ಮರಳಿ ಪಡೆಯುತ್ತಾರೆ. ಸಾರ್ವಜನಿಕ ಚಾರ್ಜರನ್ನೇ ನಂಬಿದವರು 80,000 ಕಿಲೋಮೀಟರ್ ದಾಟಬೇಕು. ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ ಎಂದು ಮೊದಲಿಗೇ ಕೇಳಿದ್ದು ಇದಕ್ಕಾಗಿ.

ಸ್ವಂತ ಮನೆಯವರು ಒಂದು ವಿಷಯವನ್ನು ವಿದ್ಯುತ್ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಮಂಜೂರಾದ ಲೋಡ್, ಅಂದರೆ ಮನೆ ಒಮ್ಮೆಗೆ ಎಳೆಯಬಹುದಾದ ವಿದ್ಯುತ್ತಿನ ಮಿತಿ, 3 ಕಿಲೋವ್ಯಾಟ್ ಇರುವ ಮನೆಗೆ 3.3 ಕಿಲೋವ್ಯಾಟ್‌ನ ಕಾರ್ ಚಾರ್ಜರ್ ಬಂದರೆ ಲೋಡನ್ನು ಹೆಚ್ಚಿಸಿಕೊಳ್ಳಬೇಕು. ಆಗ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. 30 ಯೂನಿಟ್ ಬ್ಯಾಟರಿ ಖಾಲಿಯಿಂದ ತುಂಬಲು ಈ ಚಾರ್ಜರಿಗೆ ಸುಮಾರು ಹತ್ತು ಗಂಟೆ ಬೇಕು, ಅಂದರೆ ರಾತ್ರಿ ಒಂಬತ್ತಕ್ಕೆ ಹಾಕಿದರೆ ಬೆಳಿಗ್ಗೆ ಏಳಕ್ಕೆ. ನಿತ್ಯದ ಓಡಾಟ 40 ಕಿಲೋಮೀಟರ್ ಇದ್ದವರಿಗೆ ಎರಡು ಗಂಟೆಯ ಚಾರ್ಜ್ ಸಾಕು.

ಅಪಾರ್ಟ್‌ಮೆಂಟಿನವರ ಕಷ್ಟ ನನಗೆ ಚೆನ್ನಾಗಿ ಗೊತ್ತು. ನಾನು ಬಾಡಿಗೆಗಿದ್ದ ಒಂದು ಸಮುಚ್ಚಯದಲ್ಲಿ, ನನ್ನ ಮೀಟರಿನಿಂದ ನನ್ನದೇ ಪಾರ್ಕಿಂಗ್ ಜಾಗಕ್ಕೆ ಮೂವತ್ತು ಅಡಿ ತಂತಿ ಎಳೆಸಿಕೊಳ್ಳಲು ಅನುಮತಿ ಕೇಳಿ ಏಳು ತಿಂಗಳು ಕಾದೆ. ನಿವಾಸಿಗಳ ಸಂಘದ ಪ್ರತಿ ಸಭೆಯಲ್ಲಿ ವಿಷಯ ಮುಂದಿನ ಸಭೆಗೆ ಹೋಗುತ್ತಿತ್ತು, ಕೊನೆಗೂ ಅನುಮತಿ ಬರಲಿಲ್ಲ. ಅಲ್ಲಿ ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ಬೆಂಕಿಯ ಭಯವಿತ್ತು. ಕೇಂದ್ರ ಇಂಧನ ಸಚಿವಾಲಯ 2022ರ ಜನವರಿಯಲ್ಲಿ ಹೊರಡಿಸಿ 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಮಾಲೀಕರು ಮನೆಯ ಮತ್ತು ಕಚೇರಿಯ ಈಗಿರುವ ಸಂಪರ್ಕದಿಂದಲೇ ಗಾಡಿ ಚಾರ್ಜ್ ಮಾಡಿಕೊಳ್ಳಬಹುದು. ಕಟ್ಟಡಗಳ ಮಾದರಿ ಉಪವಿಧಿಗಳಿಗೆ 2019ರಲ್ಲಿ ತಂದ ತಿದ್ದುಪಡಿ ಪಾರ್ಕಿಂಗ್ ಸಾಮರ್ಥ್ಯದ ಶೇಕಡಾ 20ರಷ್ಟು ಭಾಗದಲ್ಲಿ ಚಾರ್ಜಿಂಗ್ ಸೌಲಭ್ಯಕ್ಕೆ ಅವಕಾಶವಿರಬೇಕೆಂದು ಹೇಳುತ್ತದೆ. ಸಂಘಕ್ಕೆ ಅರ್ಜಿ ಕೊಡುವಾಗ ಈ ಎರಡನ್ನೂ ಲಗತ್ತಿಸಿ, ಜೊತೆಗೆ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದ ಲೋಡ್ ಲೆಕ್ಕವನ್ನೂ ಬರೆಸಿಕೊಡಿ. ಮುಖ್ಯವಾಗಿ, ಅನುಮತಿ ಲಿಖಿತವಾಗಿ ಕೈಗೆ ಬಂದ ಮೇಲೆಯೇ ಕಾರಿಗೆ ಮುಂಗಡ ಕೊಡಿ.

ಘಟ್ಟದ ಮೇಲಿನವರೂ ಕೆಳಗಿನವರೂ ಕೇಳುವ ಪ್ರಶ್ನೆಯೊಂದಿದೆ: ಎಲೆಕ್ಟ್ರಿಕ್ ಕಾರು ಶಿರಾಡಿ ಘಾಟಿ ಹತ್ತುತ್ತದೆಯೇ? ಹತ್ತುತ್ತದೆ, ಮತ್ತು ಪೆಟ್ರೋಲ್ ಕಾರಿಗಿಂತ ಸಲೀಸಾಗಿ. ನಾಲ್ಕು ಜನ ಕುಳಿತು 1,700 ಕಿಲೋ ತೂಗುವ ಕಾರನ್ನು ಗುಂಡ್ಯದ ಕಡೆಯಿಂದ ಸಕಲೇಶಪುರದ ಎತ್ತರಕ್ಕೆ, ಅಂದರೆ ಸುಮಾರು 800 ಮೀಟರ್ ಮೇಲಕ್ಕೆ, ಎತ್ತಲು ಭೌತಶಾಸ್ತ್ರದ ಲೆಕ್ಕದಲ್ಲಿ ಮೂರೂಮುಕ್ಕಾಲು ಯೂನಿಟ್ ಶಕ್ತಿ ಬೇಕು. ಮೋಟಾರಿನ ನಷ್ಟ ಸೇರಿದರೆ ನಾಲ್ಕಕ್ಕಿಂತ ತುಸು ಹೆಚ್ಚು. ಸಾಮಾನ್ಯ ಓಟಕ್ಕೆ ಬೇಕಾದುದರ ಮೇಲೆ ಇಷ್ಟು ಹೆಚ್ಚುವರಿ. 30 ಯೂನಿಟ್ ಬ್ಯಾಟರಿಯಲ್ಲಿ ಅದು ಏಳನೆಯ ಒಂದು ಭಾಗ. ಇಳಿಯುವಾಗ ಬ್ರೇಕಿನ ಶಕ್ತಿ ಬ್ಯಾಟರಿಗೆ ಮರಳುವುದರಿಂದ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂದಕ್ಕೆ ಸಿಗುತ್ತದೆ, ಆದರೆ ಒಂದು ಎಚ್ಚರಿಕೆ: ಘಟ್ಟದ ಮೇಲೆಯೇ ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸಿಕೊಂಡು ಇಳಿಯಲು ಹೊರಟರೆ ಆ ಶಕ್ತಿಗೆ ಜಾಗವಿರುವುದಿಲ್ಲ, ಕಾರು ಎಂದಿನಂತೆ ತಡೆಯುವುದೂ ಇಲ್ಲ. ಶೇಕಡಾ 80ಕ್ಕೆ ನಿಲ್ಲಿಸಿ ಹೊರಡಿ.

ಮನೆಯಲ್ಲಿ ಪ್ಲಗ್ ಇಲ್ಲದೆ, ವಾರಕ್ಕೊಮ್ಮೆ ದೂರದ ಊರಿಗೆ ಹೋಗಿಬರಬೇಕಾದವರಿಗೆ, ತನ್ನ ಪೆಟ್ರೋಲ್ ಎಂಜಿನ್ನಿನಿಂದಲೇ ಬ್ಯಾಟರಿ ತುಂಬಿಸಿಕೊಂಡು ಮೋಟಾರಿನಲ್ಲೂ ಓಡುವ ಸ್ಟ್ರಾಂಗ್ ಹೈಬ್ರಿಡ್ ಕಾರು ಒಂದು ಮರ್ಯಾದೆಯ ಮಧ್ಯಮಾರ್ಗ. ಬಿಡದಿಯಲ್ಲಿಯೇ ಅಂಥ ಕಾರು ತಯಾರಾಗುತ್ತದೆ. ಬೆಲೆ ಮಾತ್ರ ಎಲ್ಲರ ಕೈಗೆಟಕುವಂಥದ್ದಲ್ಲ. ಹೈಡ್ರೋಜನ್ ಕಾರಿಗಾಗಿ ಕಾಯುವುದು ಬೇಡ.

ಸಿಎನ್‌ಜಿ: ಕೊಳವೆ ಹಾದುಹೋದ ಊರಿನವರಿಗೆ

ದೆಹಲಿಯಲ್ಲಿ ಸುಪ್ರೀಂ ಕೋರ್ಟಿನ 1998ರ ಆದೇಶದ ನಂತರ ನಗರದ ಬಸ್ಸುಗಳೆಲ್ಲ ಸಿಎನ್‌ಜಿಗೆ ಬದಲಾದವು. ನಮ್ಮಲ್ಲಿ ಅಂಥ ಬಲವಂತವಿರಲಿಲ್ಲ. ಕೊಳವೆ ಬಂದ ಕಡೆ ಬಂಕುಗಳು ಬಂದವು. ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು, ಬೆಂಗಳೂರು, ಕರಾವಳಿಯಲ್ಲಿ ಮಂಗಳೂರು: ಈ ಸಾಲಿನವರಿಗೆ ಸಿಎನ್‌ಜಿ ನಿಜವಾದ ಆಯ್ಕೆ. ಉಳಿದವರು ತಮ್ಮ ನಿತ್ಯದ ದಾರಿಯಲ್ಲಿ ಎರಡು ಬಂಕುಗಳಾದರೂ ಇವೆಯೇ ಎಂದು ನೋಡಿಕೊಳ್ಳಬೇಕು, ಒಂದು ಇದ್ದರೆ ಸಾಲದು.

ಎರಡು ಏಕೆ ಎಂಬುದಕ್ಕೆ ಕಾರಣವಿದೆ. ಕೊಳವೆಗೆ ನೇರವಾಗಿ ಜೋಡಿಸಿದ ಬಂಕುಗಳಲ್ಲಿ ಒತ್ತಡ 200 ಬಾರ್‌ವರೆಗೆ ಸಿಗುತ್ತದೆ, ಸಿಲಿಂಡರ್ ಪೂರ್ತಿ ತುಂಬುತ್ತದೆ. ಲಾರಿಯಲ್ಲಿ ಸಿಲಿಂಡರುಗಳ ಸಾಲನ್ನು ತಂದು ಜೋಡಿಸುವ ಬಂಕುಗಳಲ್ಲಿ ಗಾಡಿಯ ಮೇಲೆ ಗಾಡಿ ತುಂಬಿಸಿದಂತೆ ಒತ್ತಡ ಇಳಿಯುತ್ತಾ ಹೋಗುತ್ತದೆ. ಬೆಳಗಿನ ಐದೂವರೆಗೆ ಆಟೋ ಚಾಲಕರು ಸರತಿಯಲ್ಲಿ ನಿಂತಿರುವುದನ್ನು ನೀವು ನೋಡಿರಬಹುದು. ಲಾರಿ ಬಂದ ಹೊಸತರಲ್ಲಿ ತುಂಬಿಸಿದವರಿಗೆ ನಾಲ್ಕು ಕಿಲೋ ಹಿಡಿದರೆ, ಸರತಿಯ ಕೊನೆಯವರಿಗೆ ಮೂರಕ್ಕೇ ಮೀಟರ್ ನಿಂತುಬಿಡುತ್ತದೆ, ಅವರು ಮಧ್ಯಾಹ್ನ ಮತ್ತೊಮ್ಮೆ ಸರತಿಗೆ ಬರಬೇಕು. ದುಡಿಯುವ ಗಾಡಿಗೆ ಆ ಒಂದು ಗಂಟೆಯೂ ಖರ್ಚೇ.

ಕಾರ್ಖಾನೆಯಲ್ಲಿಯೇ ಅಳವಡಿಸಿದ ಸಿಎನ್‌ಜಿ ಕಾರಿಗೆ ಪೆಟ್ರೋಲ್ ಮಾದರಿಗಿಂತ 90,000 ರೂಪಾಯಿಯಷ್ಟು ಹೆಚ್ಚು ಕೊಟ್ಟರೂ ಸುಮಾರು 31,000 ಕಿಲೋಮೀಟರಿಗೆ ಅದು ಹಿಂದಕ್ಕೆ ಬರುತ್ತದೆ. ಡಿಕ್ಕಿಯ ಜಾಗ ಕಡಿಮೆಯಾಗುತ್ತದೆ; ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಹೈಡ್ರೋ ಪರೀಕ್ಷೆ (ನೀರು ತುಂಬಿ ಒತ್ತಡ ಕೊಟ್ಟು ನೋಡುವುದು) ಕಡ್ಡಾಯ. 2024ರ ಜುಲೈನಲ್ಲಿ ಬಜಾಜ್ ಸಿಎನ್‌ಜಿ ಬೈಕನ್ನೂ ತಂದಿದೆ, 2 ಕಿಲೋ ಅನಿಲ, 2 ಲೀಟರ್ ಪೆಟ್ರೋಲ್ ಹಿಡಿಯುವಂಥದ್ದು. ಸಿಎನ್‌ಜಿ ಹೊಗೆಯಲ್ಲಿ ಪೆಟ್ರೋಲಿಗಿಂತ ಮೇಲು, ಆದರೆ ಇದೂ ನೆಲದಡಿಯ ಇಂಧನವೇ, ದೇಶ ಬಳಸುವ ನೈಸರ್ಗಿಕ ಅನಿಲದ ಸುಮಾರು ಅರ್ಧ ಹೊರಗಿನಿಂದ ಬರುತ್ತದೆ. ಉಕ್ರೇನಿನ ಯುದ್ಧ ಶುರುವಾದ 2022ರಲ್ಲಿ ಇದರ ಬೆಲೆ ಏರಿದ ಪರಿಯನ್ನು ಚಾಲಕರು ಮರೆತಿಲ್ಲ.

ಎಥನಾಲ್: ಆಯ್ಕೆ ಅಲ್ಲ, ಆದರೆ ತಿಳಿದಿರಬೇಕು

2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಇ20, ಅಂದರೆ ಶೇಕಡಾ 20ರಷ್ಟು ಎಥನಾಲ್ ಬೆರೆತ, ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಶೇಕಡಾ 20 ಬೆರೆಸಬೇಕೆಂದು 2030ಕ್ಕೆ ಇಟ್ಟುಕೊಂಡಿದ್ದ ಗುರಿಯನ್ನು ದೇಶ 2025ರಲ್ಲಿಯೇ ಮುಟ್ಟಿತು. ಆದ್ದರಿಂದ ಪೆಟ್ರೋಲ್ ಗಾಡಿ ಕೊಳ್ಳುವವರೆಲ್ಲ ಈಗ ಎಥನಾಲ್ ಗಾಡಿಯನ್ನೇ ಕೊಳ್ಳುತ್ತಿದ್ದಾರೆ. ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೆಯ ಒಂದು ಭಾಗ ಕಡಿಮೆ. ಇ20ಕ್ಕೆ ಹೊಂದಿಸದ ಕಾರುಗಳಲ್ಲಿ ಮೈಲೇಜು ಶೇಕಡಾ 6ರಿಂದ 7ರಷ್ಟು, ದ್ವಿಚಕ್ರಗಳಲ್ಲಿ 3ರಿಂದ 4ರಷ್ಟು ಇಳಿಯಬಹುದೆಂದು ನೀತಿ ಆಯೋಗದ ವರದಿಯೇ ಅಂದಾಜಿಸಿತ್ತು. 2023ರ ಏಪ್ರಿಲ್‌ಗಿಂತ ಹಿಂದಿನ, ಇ20ಕ್ಕೆ ಹೊಂದಿಸದ ಗಾಡಿಯನ್ನು ಉಳಿಸಿಕೊಂಡವರು ಇಂಧನದ ರಬ್ಬರ್ ಕೊಳವೆ ಮತ್ತು ಗ್ಯಾಸ್ಕೆಟ್‌ಗಳನ್ನು ಪ್ರತಿ ಸರ್ವೀಸಿನಲ್ಲೂ ನೋಡಿಸಬೇಕು, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ಗಾಡಿ ನಿಲ್ಲಿಸಬಾರದು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ.

ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಬ್ಬು ಬೆಳೆಗಾರರಿಗೆ ಇದರಿಂದ ಕಾರ್ಖಾನೆಗಳ ಬಾಕಿ ಬೇಗ ಕೈಸೇರಬೇಕೆಂಬ ಆಶಯ ನನ್ನದೂ ಹೌದು. ಆದರೆ ಮಳೆ ಕೈಕೊಟ್ಟ 2023ರ ಡಿಸೆಂಬರಿನಲ್ಲಿ ಸಕ್ಕರೆಯ ಕೊರತೆಯ ಭಯದಿಂದ ಕಬ್ಬಿನ ಹಾಲಿನಿಂದ ಎಥನಾಲ್ ತಯಾರಿಸುವುದಕ್ಕೆ ಕೇಂದ್ರವೇ ತಡೆ ಹಾಕಬೇಕಾಯಿತು. ನಾಲೆಯ ನೀರನ್ನು ನಂಬಿದ ಇಂಧನಕ್ಕೆ ಇರುವ ಮಿತಿ ಇದು. ನೂರಕ್ಕೆ ನೂರು ಎಥನಾಲಿನಲ್ಲಿ ಓಡುವ ಗಾಡಿಯನ್ನು ಇಂದು ನಂಬಿ ಕೊಳ್ಳುವಷ್ಟು ಬಂಕುಗಳು ನಮ್ಮಲ್ಲಿಲ್ಲ.

ಹೊಂಗೆ ಡೀಸೆಲ್: ಕಾರಿಗಲ್ಲ, ಹೊಲಕ್ಕೆ

ಹೊಂಗೆಯ ಮೇಲೆ ನನಗಿರುವ ಮಮತೆಯನ್ನು ಮುಚ್ಚಿಡಲಾರೆ. ನಮ್ಮಜ್ಜಿ ಹೊಂಗೆ ಎಣ್ಣೆಯ ದೀಪದಡಿ ಅಕ್ಷರ ಕಲಿತವರು. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಇದೇ ಎಣ್ಣೆಯಿಂದ ಹಳ್ಳಿಗಳಲ್ಲಿ ಎಂಜಿನ್ ಓಡಿಸಿ ತೋರಿಸಿದರು. ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಬೆಳೆಯಿತು. ಹಸಿರು ಹೊನ್ನು, ಬರಡು ಬಂಗಾರ ಎಂಬ ಹೆಸರುಗಳಲ್ಲಿ ಸಸಿಗಳನ್ನು ನೆಡಲಾಯಿತು. ಬೀಜದ ತೂಕದಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ಎಣ್ಣೆ ಸಿಗುತ್ತದೆ, ಉಳಿದ ಹಿಂಡಿ ತೆಂಗಿಗೂ ಗದ್ದೆಗೂ ಉತ್ತಮ ಗೊಬ್ಬರ. ಆದರೆ ಬೀಜ ಆಯುವ ಕೂಲಿ, ಚದುರಿದ ಮರಗಳು, ಏಳೆಂಟು ವರ್ಷ ಕಾಯಬೇಕಾದ ಫಸಲು ಇವೆಲ್ಲ ಸೇರಿ ಅದು ಬಂಕಿನವರೆಗೆ ಬರಲು ಬಿಡಲಿಲ್ಲ. ಬದುವಿನಲ್ಲಿ ಇಪ್ಪತ್ತು ಮರವಿರುವ ರೈತರಿಗೆ, ಹತ್ತಿರದಲ್ಲಿ ತಯಾರಿಕಾ ಘಟಕವಿದ್ದರೆ, ಪಂಪ್‌ಸೆಟ್ಟಿಗೂ ಹಳೆಯ ಟ್ರ್ಯಾಕ್ಟರಿಗೂ ಡೀಸೆಲಿನೊಂದಿಗೆ ಬೆರೆಸಿ ಬಳಸಲು ಇದು ಒಳ್ಳೆಯದು. ಗಾಣದಿಂದ ತಂದ ಹಸಿ ಎಣ್ಣೆಯನ್ನು ಇಂದಿನ ಕಾಮನ್ ರೈಲ್ ಡೀಸೆಲ್ ಎಂಜಿನ್ನಿಗೆ ಸುರಿಯಬಾರದು. ಮೆಥನಾಲಿನೊಂದಿಗೆ ಸಂಸ್ಕರಿಸಿ ಗ್ಲಿಸರಿನ್ ಬೇರ್ಪಡಿಸದ ಎಣ್ಣೆ ದಪ್ಪವಾಗಿದ್ದು ಇಂಧನ ಸಿಂಪಡಿಸುವ ಇಂಜೆಕ್ಟರುಗಳನ್ನು ಮುಚ್ಚಿಹಾಕುತ್ತದೆ.

ಹೊಗೆಯ ಲೆಕ್ಕ

ಕರೆಂಟೂ ಕಲ್ಲಿದ್ದಲಿನಿಂದಲೇ ಬರುವುದಲ್ಲವೇ ಎಂಬ ಆಕ್ಷೇಪಕ್ಕೆ ಅಂಕಿಯಲ್ಲಿಯೇ ಉತ್ತರಿಸಬೇಕು. ದೇಶದ ಸರಾಸರಿಯಲ್ಲಿ ಒಂದು ಯೂನಿಟ್‌ಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಸ್ಕೂಟರಿನ ಲೆಕ್ಕದಲ್ಲಿ ಕಿಲೋಮೀಟರಿಗೆ 25 ಗ್ರಾಂ. ಪೆಟ್ರೋಲ್ ಸ್ಕೂಟರಿನದು 51 ಗ್ರಾಂ. ಶರಾವತಿಯ ಜಲವಿದ್ಯುತ್ತು, ಪಾವಗಡದ 2,050 ಮೆಗಾವ್ಯಾಟ್ ಸೌರ ಉದ್ಯಾನ, ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳಿರುವ ನಮ್ಮ ರಾಜ್ಯದಲ್ಲಿ ಹಗಲು ಹೊತ್ತು ಚಾರ್ಜ್ ಮಾಡಿದರೆ ಅದು ಇನ್ನೂ ಕಡಿಮೆ. ಕಚೇರಿಯಲ್ಲಿ ಚಾರ್ಜರ್ ಇದ್ದವರು ರಾತ್ರಿಯ ಬದಲು ಮಧ್ಯಾಹ್ನವೇ ಹಾಕಿಕೊಳ್ಳುವುದು ಲೇಸು.

ಕೈ ಬದಲಾದ ಗಾಡಿ ಕೊಳ್ಳುವವರಿಗೆ ಕೊನೆಯದಾಗಿ ಕೆಲವು ಮಾತು. ಎಲೆಕ್ಟ್ರಿಕ್ ಆದರೆ ಅಧಿಕೃತ ಸರ್ವೀಸ್ ಕೇಂದ್ರದಿಂದ ಬ್ಯಾಟರಿಯ ಆರೋಗ್ಯದ ವರದಿಯನ್ನು ಬರಹದಲ್ಲಿ ಕೇಳಿ, ವಾರಂಟಿ ಎರಡನೆಯ ಮಾಲೀಕರಿಗೂ ಅನ್ವಯಿಸುತ್ತದೆಯೇ ಎಂದು ಓದಿಕೊಳ್ಳಿ. ಕಾರುಗಳಿಗೆ ಎಂಟು ವರ್ಷದ ವಾರಂಟಿ ಸಾಮಾನ್ಯ, ಆದರೆ ಮಾಲೀಕರು ಬದಲಾದಾಗ ಷರತ್ತುಗಳು ಬದಲಾಗುವುದುಂಟು. ಸಿಎನ್‌ಜಿ ಆದರೆ ಸಿಲಿಂಡರಿಗೆ ಅಂಟಿಸಿದ ಲೋಹದ ಪಟ್ಟಿಯ ಮೇಲೆ ಹಿಂದಿನ ಪರೀಕ್ಷೆಯ ದಿನಾಂಕವಿರುತ್ತದೆ, ಡಿಕ್ಕಿ ತೆರೆದು ಟಾರ್ಚ್ ಹಿಡಿದು ಅದನ್ನು ನೀವೇ ಓದಿ. ರಸ್ತೆ ತೆರಿಗೆಯ ನಿಯಮವೂ ಬದಲಾಗುತ್ತಿರುತ್ತದೆ: 2016ರಿಂದ ಎಲೆಕ್ಟ್ರಿಕ್ ವಾಹನಗಳಿಗಿದ್ದ ಪೂರ್ಣ ವಿನಾಯಿತಿಯಿಂದ 25 ಲಕ್ಷ ರೂಪಾಯಿ ಮೀರಿದ ಕಾರುಗಳನ್ನು 2024ರಲ್ಲಿ ಹೊರಗಿಡಲಾಯಿತು. ಆದ್ದರಿಂದ ನೋಂದಣಿಯ ವಾರದಲ್ಲಿ ಜಾರಿಯಲ್ಲಿರುವ ದರವನ್ನು ಸಾರಿಗೆ ಕಚೇರಿಯಲ್ಲಿ ಕೇಳಿ ಬರೆದುಕೊಂಡ ನಂತರವೇ ಮಾರಾಟಗಾರರ ಲೆಕ್ಕದ ಚೀಟಿಗೆ ಸಹಿ ಹಾಕಿ.